ಬೇಲಿ ಇದೆಯೇ? ತೋಟ ಮತ್ತು ಬೆಕ್ಕಿನ ನಡುವಿನ ಹಳೆಯ ವ್ಯಾಜ್ಯ

ಕಳೆದ ವರ್ಷ ಮಳೆಗಾಲ ಮುಗಿದ ಬಳಿಕದ ಒಂದು ಶುಕ್ರವಾರ. ಜುಮಾ ನಮಾಝ್ ಮುಗಿದು ಜನರು ಚದುರುತ್ತಿದ್ದಾಗ ನಮ್ಮ ಜಮಾಅತಿನ ಹಿರಿಯರೊಬ್ಬರು ಉಸ್ತಾದರ ಬಳಿ ಬಂದು ಕುಳಿತರು. ಮನೆಯ ಹಿತ್ತಿಲಿನಲ್ಲಿ ಅವರು ಹರಿವೆ, ಬೆಂಡೆ, ಬಸಳೆ ಬೆಳೆಸುತ್ತಾರೆ. ಹೊಸದಾಗಿ ಮಣ್ಣು ಸಡಿಲಿಸಿ ಬೀಜ ಬಿತ್ತಿದ ಮರುದಿನವೇ ನೆರೆಹೊರೆಯ ಬೆಕ್ಕುಗಳು ಬಂದು ಕೆದಕುತ್ತವೆ, ಅಲ್ಲಿಯೇ ಮಲ ವಿಸರ್ಜಿಸಿ ಮಣ್ಣು ಮುಚ್ಚಿ ಹೋಗುತ್ತವೆ. ಮೊಳಕೆಗಳು ನಾಶವಾದುದಕ್ಕಿಂತ ದೊಡ್ಡ ಚಿಂತೆ ಬೇರೊಂದಿತ್ತು. ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೆಕ್ಕಿನ ಮಲ ಸೇರಿದ ಮಣ್ಣನ್ನು ಗರ್ಭಿಣಿ ಮುಟ್ಟಬಾರದು, ಅಲ್ಲಿಯ ಸೊಪ್ಪನ್ನು ಚೆನ್ನಾಗಿ ತೊಳೆಯದೆ ತಿನ್ನಬಾರದು ಎಂದು ವೈದ್ಯರು ಎಚ್ಚರಿಸಿದ್ದರು. ಹಿರಿಯರು ದನಿ ತಗ್ಗಿಸಿ ಕೇಳಿದರು: "ಉಸ್ತಾದರೇ, ಮೀನಿನ ತಲೆಯಲ್ಲಿ ಸ್ವಲ್ಪ ಇಲಿ ಪಾಷಾಣ ಬೆರೆಸಿಟ್ಟರೆ ತಪ್ಪಾಗುತ್ತದೆಯೇ?"

ಉಸ್ತಾದರು ಹಲಾಲ್ ಎಂದೂ ಹೇಳಲಿಲ್ಲ, ಹರಾಮ್ ಎಂದೂ ಹೇಳಲಿಲ್ಲ. ಅವರು ಮರಳಿ ಕೇಳಿದ್ದು ಒಂದೇ ಮಾತು: "ನಿಮ್ಮ ಹಿತ್ತಿಲಿಗೆ ಬೇಲಿ ಇದೆಯೇ?"

ಆ ಕ್ಷಣದಲ್ಲಿ ಅದು ಪ್ರಶ್ನೆಯನ್ನು ತೇಲಿಸಿಬಿಡುವ ಮಾತಿನಂತೆ ನನಗೆ ಕಂಡಿತ್ತು. ತರುವಾಯ ಗ್ರಂಥಗಳನ್ನು ತಿರುವಿದಾಗ ತಿಳಿಯಿತು, ಆ ಒಂದು ಪ್ರಶ್ನೆಯ ಹಿಂದೆ ಸಾವಿರದ ನಾಲ್ಕುನೂರು ವರ್ಷಗಳ ವಿಚಾರವಿದೆ. ಈ ಬರಹ ಫತ್ವಾ ಅಲ್ಲ, ಅದನ್ನು ನೀಡಬೇಕಾದವರು ಉಲಮಾಗಳು. ಆ ಪ್ರಶ್ನೆ ಎಲ್ಲಿಂದ ಬಂತೆಂಬುದನ್ನು ಇತಿಹಾಸದಲ್ಲಿ ಹುಡುಕುವ ಪ್ರಯತ್ನವಷ್ಟೇ ಇದು.

ಬೆಳೆ ಮತ್ತು ಪ್ರಾಣಿಯ ನಡುವಿನ ವ್ಯಾಜ್ಯ ಪವಿತ್ರ ಕುರ್‌ಆನಿನಲ್ಲಿಯೇ ಪ್ರಸ್ತಾಪವಾಗಿದೆ. ಅಲ್ ಅಂಬಿಯಾ ಅಧ್ಯಾಯದ 78 ಮತ್ತು 79ನೇ ಸೂಕ್ತಗಳಲ್ಲಿ ಪ್ರವಾದಿ ದಾವೂದ್(ಅ) ಮತ್ತು ಅವರ ಪುತ್ರ ಸುಲೈಮಾನ್(ಅ)ರ ಮುಂದೆ ಬಂದ ಪ್ರಕರಣವೊಂದರ ಉಲ್ಲೇಖವಿದೆ. ರಾತ್ರಿಯ ವೇಳೆ ಒಬ್ಬರ ಆಡುಕುರಿಗಳು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಬೆಳೆಯನ್ನು ಮೇಯ್ದಿದ್ದವು. ವ್ಯಾಖ್ಯಾನಕಾರರು ವಿವರಿಸುವಂತೆ, ನಷ್ಟಕ್ಕೆ ಪ್ರತಿಯಾಗಿ ಕುರಿಗಳನ್ನೇ ಹೊಲದವನಿಗೆ ಒಪ್ಪಿಸಬೇಕೆಂಬುದು ದಾವೂದ್(ಅ)ರ ತೀರ್ಪಾಗಿತ್ತು. ಸುಲೈಮಾನ್(ಅ) ಮತ್ತೊಂದು ದಾರಿ ತೋರಿದರು: ಕುರಿಗಳು ತಾತ್ಕಾಲಿಕವಾಗಿ ಹೊಲದವನ ಬಳಿ ಇರಲಿ, ಅವುಗಳ ಹಾಲು ಮತ್ತು ಉಣ್ಣೆಯ ಲಾಭ ಅವನಿಗೆ ಸಿಗಲಿ, ಕುರಿಗಳ ಒಡೆಯನು ಹೊಲವನ್ನು ಮೊದಲಿನ ಸ್ಥಿತಿಗೆ ತರಲಿ, ಬಳಿಕ ಅವರವರ ಸೊತ್ತು ಅವರವರಿಗೆ ಮರಳಲಿ. ಅಲ್ಲಾಹನು ಇಬ್ಬರಿಗೂ ಜ್ಞಾನವನ್ನು ದಯಪಾಲಿಸಿದ್ದನೆಂದು ಹೇಳುವ ಕುರ್‌ಆನ್, ಈ ಪ್ರಕರಣದ ತಿಳಿವಳಿಕೆಯನ್ನು ಸುಲೈಮಾನರಿಗೆ ನೀಡಲಾಯಿತೆಂದು ವಿಶೇಷವಾಗಿ ಸೂಚಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಬಾಯಿಯಿಲ್ಲದ ಕುರಿಗಳಿಗೆ ಇಲ್ಲಿ ಯಾವ ಶಿಕ್ಷೆಯೂ ಇಲ್ಲ. ಇಡೀ ವಿಚಾರಣೆ ನಡೆಯುವುದು ಇಬ್ಬರು ಮನುಷ್ಯರ ಹೊಣೆಗಾರಿಕೆಯ ಕುರಿತು.

ಮದೀನಾದಲ್ಲಿ ಇಂತಹದೇ ಇನ್ನೊಂದು ಘಟನೆ ನಡೆಯಿತು. ಬರಾಅ್ ಬಿನ್ ಆಝಿಬ್(ರ)ರ ಒಂಟೆಯೊಂದು ಬೇರೊಬ್ಬರ ತೋಟಕ್ಕೆ ನುಗ್ಗಿ ಹಾನಿ ಮಾಡಿತು. ಇಮಾಮ್ ಮಾಲಿಕ್‌ರ ಮುವತ್ತಾ ಮತ್ತು ಅಬೂ ದಾವೂದ್‌ರ ಸಂಗ್ರಹದಲ್ಲಿ ಈ ವರದಿಯಿದೆ. ಪ್ರವಾದಿ(ಸ)ರು ತೀರ್ಪಿತ್ತದ್ದು ಹೀಗೆ: ಹಗಲಿನಲ್ಲಿ ತೋಟವನ್ನು ಕಾಯುವ ಹೊಣೆ ತೋಟದವರದು, ರಾತ್ರಿ ಪ್ರಾಣಿಗಳು ಮಾಡುವ ಹಾನಿಯ ಹೊಣೆ ಪ್ರಾಣಿಗಳ ಒಡೆಯರದು. ಹಗಲು ಪ್ರಾಣಿಗಳು ಮೇಯಲು ಹೋಗುವ ಹೊತ್ತು, ತೋಟದವನು ಎಚ್ಚರವಾಗಿರುವ ಹೊತ್ತು. ರಾತ್ರಿ ತೋಟದವನು ಮಲಗುವ ಹೊತ್ತು, ಪ್ರಾಣಿ ಕೊಟ್ಟಿಗೆಯಲ್ಲಿರಬೇಕಾದ ಹೊತ್ತು. ಊರಿನ ದಿನಚರಿಯನ್ನು ನೋಡಿ ಹೊಣೆಯನ್ನು ಹಂಚಿದ ತೀರ್ಪು ಇದು.

ಈ ವರದಿಯಲ್ಲಿ 'ತೋಟ' ಎಂಬುದಕ್ಕೆ ಬಳಕೆಯಾಗಿರುವ ಅರಬಿ ಪದ 'ಹಾಯಿತ್'. ಅದರ ನೇರ ಅರ್ಥ ಗೋಡೆ. ಮದೀನಾದ ಖರ್ಜೂರದ ತೋಟಗಳಿಗೆ ಸುತ್ತಲೂ ಗೋಡೆ ಇರುತ್ತಿದ್ದುದರಿಂದ ಗೋಡೆಯ ಹೆಸರೇ ತೋಟಕ್ಕೆ ನಿಂತಿತು. ಗೋಡೆಯಿಲ್ಲದ ತೋಟದ ಕಲ್ಪನೆಯೇ ಆ ಪದದಲ್ಲಿಲ್ಲ. ಉಸ್ತಾದರ ಪ್ರಶ್ನೆಯ ಮೊದಲ ಎಳೆ ನನಗೆ ಸಿಕ್ಕಿದ್ದು ಇಲ್ಲಿ.

ಆದರೆ ಬೆಕ್ಕು ಒಂಟೆಯಲ್ಲ. ಅದನ್ನು ರಾತ್ರಿ ಕೊಟ್ಟಿಗೆಗೆ ಸೇರಿಸುವವರಿಲ್ಲ, ಹಗ್ಗ ಹಾಕಿ ಮೇಯಿಸುವವರಿಲ್ಲ. ಹಿಂದಿನವರಿಗೂ ಇದು ತಿಳಿದಿತ್ತು. ಕಬ್ಶಾ ಎಂಬ ಮಹಿಳೆಯ ವರದಿ ಪ್ರಸಿದ್ಧವಾಗಿದೆ. ಅವರು ಕಅಬ್ ಬಿನ್ ಮಾಲಿಕ್(ರ)ರ ಪುತ್ರಿ, ಅಬೂ ಕತಾದ(ರ)ರ ಸೊಸೆ. ಮನೆಗೆ ಬಂದ ಮಾವನಿಗೆ ವುಝೂ ಮಾಡಲು ನೀರು ತಂದಿಟ್ಟರು. ಅಷ್ಟರಲ್ಲಿ ಬೆಕ್ಕೊಂದು ನೀರಿಗೆ ಬಾಯಿ ಹಾಕಲು ಬಂತು. ಅಬೂ ಕತಾದ(ರ) ಅದನ್ನು ಓಡಿಸಲಿಲ್ಲ. ಕುಡಿಯಲು ಅನುಕೂಲವಾಗುವಂತೆ ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ನಜೀಸ್ ಅಲ್ಲವೆಂದೂ ಅದು ನಿಮ್ಮ ನಡುವೆ ಸದಾ ಸುತ್ತಾಡುತ್ತಿರುವವುಗಳಲ್ಲಿ ಒಂದೆಂದೂ ಪ್ರವಾದಿ(ಸ)ರು ತಿಳಿಸಿದ್ದನ್ನು ಅವರು ನೆನಪಿಸಿದರು.

'ಸುತ್ತಾಡುವವರು' ಎಂಬುದಕ್ಕೆ ಇಲ್ಲಿರುವ 'ತವ್ವಾಫೀನ್' ಎಂಬ ಪದದ ಕುರಿತು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಅದೇ ಮೂಲದ ಪದವನ್ನು ಕುರ್‌ಆನ್ ಅನ್ನೂರ್ ಅಧ್ಯಾಯದ 58ನೇ ಸೂಕ್ತದಲ್ಲಿ ಮನೆಯೊಳಗೆ ಓಡಾಡುವ ಸೇವಕರು ಮತ್ತು ಮಕ್ಕಳ ವಿಷಯದಲ್ಲಿ ಬಳಸಿದೆ. ಮೂರು ಹೊತ್ತುಗಳನ್ನು ಬಿಟ್ಟರೆ ಉಳಿದ ವೇಳೆಯಲ್ಲಿ ಅವರು ಪ್ರತಿ ಸಲವೂ ಅನುಮತಿ ಕೇಳಬೇಕಾಗಿಲ್ಲ, ಏಕೆಂದರೆ ಅವರ ಓಡಾಟ ನಿರಂತರವಾದುದು. ಬೆಕ್ಕನ್ನೂ ಆ ಸಾಲಿನಲ್ಲಿ ಸೇರಿಸಿದಾಗ ಅದು ಹೊರಗಿನಿಂದ ಬಂದ ಕಳ್ಳನ ಸ್ಥಾನದಿಂದ ಮನೆಯ ಓಡಾಟದ ಭಾಗವಾಗುತ್ತದೆ. ಹಾಗೆಂದು ಅದರದೆಲ್ಲವೂ ಶುದ್ಧವೆಂದು ಭಾವಿಸಬಾರದು. ಅದು ಬಾಯಿ ಹಾಕಿದ ನೀರಿನ ವಿಧಿ ಬೇರೆ, ಅದರ ಮಲಮೂತ್ರದ ವಿಧಿ ಬೇರೆ, ಎರಡನೆಯದು ನಜೀಸ್. ಆದುದರಿಂದ ಹಿರಿಯರ ದೂರಿನಲ್ಲಿ ಹುರುಳಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಬೆಕ್ಕನ್ನು ಕೂಡಿಹಾಕುವ ಉಪಾಯವನ್ನೂ ಹದೀಸ್ ಮುಚ್ಚಿಬಿಟ್ಟಿದೆ. ಬೆಕ್ಕನ್ನು ಬಂಧಿಸಿ, ತಾನೂ ತಿನ್ನಿಸದೆ, ನೆಲದ ಮೇಲಿನ ಹುಳುಹುಪ್ಪಟೆಗಳನ್ನು ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೊಳಗಾದ ವರದಿ ಬುಖಾರಿ ಮತ್ತು ಮುಸ್ಲಿಂ ಎರಡರಲ್ಲಿಯೂ ಇದೆ. ನಮ್ಮ ವಅಝ್‌ಗಳಲ್ಲಿ ಇದನ್ನು ಕೇಳದವರಿಲ್ಲ. ಆದರೆ ಆ ಹದೀಸಿನಲ್ಲಿ ಎರಡು ಬಾಗಿಲುಗಳಿರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆಹಾರ ಕೊಟ್ಟಿದ್ದರೂ ಆಗುತ್ತಿತ್ತು, ಬಿಟ್ಟುಬಿಟ್ಟಿದ್ದರೂ ಆಗುತ್ತಿತ್ತು. ಆಕೆ ಎರಡನ್ನೂ ಮುಚ್ಚಿದಳು.

ಪ್ರಾಸಂಗಿಕವಾಗಿ ಒಂದು ಮಾತು. ಪ್ರವಾದಿ(ಸ)ರಿಗೆ ಮುಇಝ್ಝಾ ಎಂಬ ಬೆಕ್ಕು ಇತ್ತೆಂದೂ, ಅದು ಅಂಗಿಯ ತೋಳಿನ ಮೇಲೆ ಮಲಗಿದ್ದಾಗ ಎಬ್ಬಿಸಲು ಮನಸ್ಸು ಬಾರದೆ ತೋಳನ್ನೇ ಕತ್ತರಿಸಿ ಎದ್ದರೆಂದೂ ಒಂದು ಕಥೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಪ್ರಮುಖ ಹದೀಸ್ ಸಂಗ್ರಹಗಳಲ್ಲಿ ಇದಕ್ಕೆ ಆಧಾರವಿಲ್ಲ. ಅದರ ಅಗತ್ಯವೂ ನಮಗಿಲ್ಲ. ಸ್ವಂತ ಕುಟುಂಬದ ಆಡುಗಳನ್ನು ಮೇಯಿಸುತ್ತಾ, ರಾತ್ರಿ ಮರದಲ್ಲಿರಿಸಿದ ಪುಟ್ಟ ಬೆಕ್ಕಿನ ಮರಿಯೊಂದನ್ನು ಹಗಲು ಜೊತೆಗೆ ಒಯ್ದು ಆಟವಾಡುತ್ತಿದ್ದ ಹುಡುಗನಿಗೆ ಅಬೂ ಹುರೈರಾ ಎಂಬ ಹೆಸರು ಬಂದ ವಿವರ ತಿರ್ಮಿದಿಯಲ್ಲಿ ಅವರದೇ ಮಾತಿನಲ್ಲಿ ದಾಖಲಾಗಿದೆ. ಅತ್ಯಧಿಕ ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯನ್ನು ಲೋಕವು ಬೆಕ್ಕಿನ ಹೆಸರಿನಿಂದಲೇ ಗುರುತಿಸುವಾಗ ಕಟ್ಟುಕಥೆಗಳ ಹಂಗು ಏಕೆ?

ಇನ್ನು ಫಿಕ್‌ಹ್ ಗ್ರಂಥಗಳತ್ತ ಬರೋಣ. ಕ್ರಿ.ಶ. 1277ರಲ್ಲಿ ನಿಧನರಾದ ಇಮಾಮ್ ನವವಿ ತಮ್ಮ 'ಮಿನ್‌ಹಾಜ್' ಗ್ರಂಥದಲ್ಲಿ ಬೆಕ್ಕಿನ ಹಾನಿಯ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಹಕ್ಕಿಯನ್ನೋ ಆಹಾರವನ್ನೋ ಹಾಳುಮಾಡುವುದು ಒಂದು ಬೆಕ್ಕಿನ ಅಭ್ಯಾಸವೆಂದು ತಿಳಿದಿದ್ದರೆ, ಹಗಲಾಗಲಿ ರಾತ್ರಿಯಾಗಲಿ ಅದರ ಒಡೆಯನೇ ನಷ್ಟ ತುಂಬಬೇಕು. ಅಂತಹ ಅಭ್ಯಾಸ ಮೊದಲೇ ತಿಳಿದಿರದಿದ್ದರೆ ಹೊಣೆಯಿಲ್ಲ. ಒಂಟೆಯ ವಿಷಯದಲ್ಲಿದ್ದ ಹಗಲು ರಾತ್ರಿಯ ಭೇದ ಬೆಕ್ಕಿನ ವಿಷಯದಲ್ಲಿ ಅಳಿಸಿಹೋಯಿತು. ಹಗಲು ಗೋಡೆಯ ಮೇಲೆ ನಿದ್ರಿಸಿ ರಾತ್ರಿ ಬೇಟೆಗಿಳಿಯುವ ಪ್ರಾಣಿಗೆ ಆ ಭೇದ ಹೇಗೆ ತಾನೇ ಹೊಂದೀತು?

ಮಿನ್‌ಹಾಜ್ ನಮ್ಮ ಕರಾವಳಿಗೆ ಅಪರಿಚಿತ ಗ್ರಂಥವಲ್ಲ. ಮಂಗಳೂರು, ಉಳ್ಳಾಲದ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವುದು ಶಾಫಿಈ ಮಝ್‌ಹಬನ್ನು. ಮಲಬಾರಿನಿಂದ ದಕ್ಷಿಣ ಕನ್ನಡದವರೆಗಿನ ದರ್ಸ್‌ಗಳಲ್ಲಿ ತಲೆಮಾರುಗಳಿಂದ ಕಲಿಸಲಾಗುತ್ತಿರುವ 'ಫತ್‌ಹುಲ್ ಮುಈನ್' ಕೂಡ ಅದೇ ಪರಂಪರೆಗೆ ಸೇರಿದ್ದು. ಅದರ ಕರ್ತೃ 16ನೇ ಶತಮಾನದ ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್. ಪೋರ್ಚುಗೀಸರ ವಿರುದ್ಧದ ಹೋರಾಟದ ಇತಿಹಾಸವಾದ 'ತುಹ್ಫತುಲ್ ಮುಜಾಹಿದೀನ್' ಬರೆದವರೂ ಅವರೇ. ನಮ್ಮಂತೆಯೇ ಮೀನು, ಅನ್ನ, ತೆಂಗಿನ ನಡುವೆ ಬಾಳಿದ ಈ ವಿದ್ವಾಂಸರು ಬೆಕ್ಕಿನ ವಿಷಯದಲ್ಲಿ ಹೇಳಿರುವುದನ್ನು ತುಸು ನಿಧಾನವಾಗಿ ನೋಡಬೇಕು.

ಅಭ್ಯಾಸಬಲದಿಂದ ಹಾನಿ ಮಾಡುವ ಬೆಕ್ಕನ್ನು ಸರಿಯಾಗಿ ಕಟ್ಟಿಹಾಕದೆ ನಿರ್ಲಕ್ಷಿಸಿದ ಒಡೆಯನು ನಷ್ಟ ತುಂಬಬೇಕೆಂದು ಅವರೂ ಹೇಳುತ್ತಾರೆ. ಬೆಕ್ಕು ಹಕ್ಕಿಯ ಮೇಲೋ ಆಹಾರದ ಮೇಲೋ ಎರಗುತ್ತಿರುವಾಗ ಅದನ್ನು ತಡೆಯಬಹುದು. ಆದರೆ ಹೇಗೆ ಬೇಕಾದರೂ ಅಲ್ಲ. ಮನುಷ್ಯನ ಮೇಲೆ ದಾಳಿ ಮಾಡಲು ಬಂದವನನ್ನು ತಡೆಯುವಲ್ಲಿ ಯಾವ ಕ್ರಮವಿದೆಯೋ ಅದೇ ಕ್ರಮ ಇಲ್ಲಿಗೂ ಅನ್ವಯಿಸುತ್ತದೆ. ಅತ್ಯಂತ ಹಗುರವಾದುದು ಮೊದಲು: ಸಾಧ್ಯವಾದರೆ ದೂರ ಸರಿಯುವುದು, ಬಾಯಿಮಾತಿನಿಂದ ಗದರಿಸುವುದು, ನೆರವಿಗೆ ಕೂಗುವುದು, ಭದ್ರವಾದ ಆಸರೆಯ ಮರೆ ಹೊಗುವುದು. ಕೈ ಎತ್ತುವುದು, ಕೋಲು ಹಿಡಿಯುವುದು ಆನಂತರದ ಮಾತು. ಪ್ರಾಣಕ್ಕೆ ಎರವಾಗುವ ಏಟು ಬೇರೆಲ್ಲ ದಾರಿಗಳೂ ಮುಚ್ಚಿದಾಗ ಮಾತ್ರ, ಅದೂ ದಾಳಿ ನಡೆಯುತ್ತಿರುವ ಗಳಿಗೆಯಲ್ಲಿ ಮಾತ್ರ.

ಹಾಗಾದರೆ ದಾಳಿ ಮಾಡದೆ ಸುಮ್ಮನೆ ಕುಳಿತಿರುವ, ಆದರೆ ಹಾನಿಗೆ ಹೆಸರಾದ ಬೆಕ್ಕು? ಅದನ್ನು ಕೊಲ್ಲಬಹುದೆಂದು ವಿದ್ವಾಂಸರ ಒಂದು ಗುಂಪು ಹೇಳಿದ್ದುಂಟು. ಮಖ್ದೂಮರು ಆ ಭಿನ್ನಮತವನ್ನು ಮರೆಮಾಚಲಿಲ್ಲ, ಒಪ್ಪಲೂ ಇಲ್ಲ. ಕೊಲ್ಲಕೂಡದು ಎಂದು ಬರೆದು ಅವರು ನೀಡಿದ ಕಾರಣ ಒಂದೇ ಒಂದು: ಅದರ ಹಾನಿಯಿಂದ ರಕ್ಷಿಸಿಕೊಳ್ಳಲು ಸಾಧ್ಯವಿದೆ.

ಈ ಕಾರಣದ ಸ್ವರೂಪವನ್ನು ಗಮನಿಸಿ. ಬೆಕ್ಕು ಮುದ್ದಾದ ಪ್ರಾಣಿ ಎಂದಾಗಲಿ, ಇಲಿ ಹಿಡಿದು ಉಪಕಾರ ಮಾಡುತ್ತದೆ ಎಂದಾಗಲಿ ಅವರು ವಾದಿಸಲಿಲ್ಲ. ರಕ್ಷಣೆಗೆ ದಾರಿ ಇರುವಷ್ಟು ಕಾಲ ಪ್ರಾಣ ತೆಗೆಯಲು ದಾರಿ ಇಲ್ಲ, ಅಷ್ಟೇ. ಹೊಣೆ ಬೆಕ್ಕಿನ ಮೇಲಿಂದ ಜಾರಿ ತೋಟದವನ ಹೆಗಲಿಗೆ ಬರುತ್ತದೆ: ನೀನು ರಕ್ಷಿಸಿಕೊಳ್ಳಲು ಏನು ಮಾಡಿದ್ದೀಯೆ? ಮಿದುವಾದ ಮಣ್ಣು ಕಂಡಲ್ಲಿ ಕೆದಕುವ ಬೆಕ್ಕು ಹಕ್ಕಿಯ ಮೇಲೆ ಎರಗುವ ಬೆಕ್ಕಿನಷ್ಟೂ ಅಪರಾಧಿಯಲ್ಲ. ಅದಕ್ಕಾಗಿ ಮೀನಿನ ತಲೆಯಲ್ಲಿ ಪಾಷಾಣ ಇಡುವವನು ಹಗುರವಾದ ಮೆಟ್ಟಿಲುಗಳೆಲ್ಲವನ್ನೂ ಹಾರಿ ನೇರವಾಗಿ ಕೊನೆಯದಕ್ಕೆ ಜಿಗಿದಿರುತ್ತಾನೆ. ಅದೂ ಹಾನಿ ಮಾಡಿದ ಬೆಕ್ಕಿಗೇ ಅಲ್ಲ, ಆ ರಾತ್ರಿ ಹಸಿದು ಬಂದ ಯಾವುದೋ ಬೆಕ್ಕಿಗೆ, ಅಥವಾ ನೆರೆಮನೆಯ ನಾಯಿಗೆ, ಅಥವಾ ಬೆಳಗಿನ ಕಾಗೆಗೆ.

ಕಲ್ಲು ಬೀರುವ ವಿಷಯದಲ್ಲಿಯೂ ಎಚ್ಚರಿಕೆಯಿದೆ. ಬೆರಳುಗಳ ನಡುವೆ ಸಣ್ಣ ಕಲ್ಲುಗಳನ್ನಿಟ್ಟು ಚಿಮ್ಮಿಸುವುದನ್ನು ಪ್ರವಾದಿ(ಸ)ರು ತಡೆದರೆಂದು ಅಬ್ದುಲ್ಲಾ ಬಿನ್ ಮುಗಫ್ಫಲ್(ರ) ವರದಿ ಮಾಡಿದ್ದಾರೆ. ಅದರಿಂದ ಬೇಟೆಯೂ ಆಗುವುದಿಲ್ಲ, ಶತ್ರುವೂ ಸೋಲುವುದಿಲ್ಲ; ಕಣ್ಣು ಹೋಗುತ್ತದೆ, ಹಲ್ಲು ಮುರಿಯುತ್ತದೆ ಎಂಬುದು ಅದಕ್ಕೆ ಕಾರಣ. ಕೋಳಿಯೊಂದನ್ನು ಕಟ್ಟಿಹಾಕಿ ಗುರಿ ಅಭ್ಯಾಸ ಮಾಡುತ್ತಿದ್ದ ಯುವಕರನ್ನು ಕಂಡು ಅಬ್ದುಲ್ಲಾ ಬಿನ್ ಉಮರ್(ರ) ಕಟುವಾಗಿ ಖಂಡಿಸಿದ್ದೂ ಬುಖಾರಿ ಮತ್ತು ಮುಸ್ಲಿಂನಲ್ಲಿದೆ. ಕವಣೆ ಹಿಡಿದು ಗೋಡೆಯ ಮೇಲಿನ ಬೆಕ್ಕಿಗೆ ಗುರಿಯಿಡುವ ನಮ್ಮ ಗಲ್ಲಿಯ ಮಕ್ಕಳಿಗೆ ಈ ಎರಡು ವರದಿಗಳನ್ನು ಮದ್ರಸದಲ್ಲಿ ಹೇಳಿಕೊಟ್ಟರೆ ಒಳ್ಳೆಯದು.

ನವವಿಯವರ ಕಾಲಕ್ಕೆ ಮತ್ತೊಮ್ಮೆ ಮರಳಬೇಕಾಗಿದೆ. ಅವರು ತೀರಿಕೊಂಡ ಹಿಜರಿ 676ರಲ್ಲಿಯೇ ಮಮ್ಲೂಕ್ ಸುಲ್ತಾನ ಅಝ್ಝಾಹಿರ್ ಬೈಬರ್ಸ್ ಕೂಡ ತೀರಿಕೊಂಡನು. ಇಬ್ಬರ ನಡುವೆ ತೋಟಗಳ ವಿಷಯದಲ್ಲಿಯೇ ತಿಕ್ಕಾಟ ನಡೆದಿತ್ತು. ದಮಸ್ಕಸ್ಸಿನ ತೋಟಗಳ ಮೇಲೆ ಸುಲ್ತಾನನ ಆಡಳಿತ ಕೈಹಾಕಿದಾಗ, ಜನರ ಸೊತ್ತು ಅವರಲ್ಲಿಯೇ ಉಳಿಯಬೇಕೆಂದು ನವವಿ ನಿರ್ಭೀತಿಯಿಂದ ಪತ್ರ ಬರೆದರು. ಮನುಷ್ಯರ ತೋಟಗಳಿಗೆ ಕೈಹಾಕಿದ ಅದೇ ಬೈಬರ್ಸ್ ಬೆಕ್ಕುಗಳಿಗೆ ಒಂದು ತೋಟವನ್ನೇ ಬಿಟ್ಟುಹೋದನೆಂಬುದು ಇತಿಹಾಸದ ವಿಚಿತ್ರ.

ಆ ತೋಟ ಇದ್ದದ್ದು ಕೈರೋದ ಉತ್ತರಕ್ಕೆ, ಆತನ ಮಸೀದಿಯ ಸಮೀಪದಲ್ಲಿ. 'ಗೈತುಲ್ ಕುತ್ತಾ', ಅಂದರೆ ಬೆಕ್ಕಿನ ತೋಟ, ಎಂದು ಅದನ್ನು ಕರೆಯುತ್ತಿದ್ದರು. ಅದರ ಉತ್ಪನ್ನದಿಂದ ದಿಕ್ಕಿಲ್ಲದ ಬೆಕ್ಕುಗಳಿಗೆ ಆಹಾರ ಸಿಗಬೇಕೆಂದು ಅದನ್ನು ವಕ್ಫ್ ಮಾಡಲಾಗಿತ್ತು. 1836ರಲ್ಲಿ ಈಜಿಪ್ಟಿನ ಜನಜೀವನದ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ ಆಂಗ್ಲ ವಿದ್ವಾಂಸ ಎಡ್ವರ್ಡ್ ಲೇನ್ ಇದರ ಮುಂದಿನ ಕಥೆಯನ್ನು ದಾಖಲಿಸಿದ್ದಾನೆ. ಶತಮಾನಗಳು ಉರುಳಿದಂತೆ ತೋಟ ಕೈಯಿಂದ ಕೈಗೆ ಮಾರಾಟವಾಯಿತು, ಬೆಕ್ಕುಗಳ ಪಾಲಿಗೆ ಉಳಿದದ್ದು ಹೆಸರಿಗಷ್ಟೇ ಇದ್ದ ಸಣ್ಣ ನೆಲಬಾಡಿಗೆ. ವಕ್ಫ್‌ಗಳ ರಕ್ಷಕನೆಂಬ ನೆಲೆಯಲ್ಲಿ ವೆಚ್ಚದ ಬಹುಭಾಗ ನಗರದ ಕಾಝಿಯ ಮೇಲೆ ಬಿತ್ತು. ಲೇನ್ ಅಲ್ಲಿದ್ದ ಕಾಲದಲ್ಲಿಯೂ ಪ್ರತಿದಿನ ಅಸರ್ ಹೊತ್ತಿಗೆ ಕಾಝಿಯ ನ್ಯಾಯಾಲಯದ ವಿಶಾಲ ಅಂಗಳಕ್ಕೆ ಮಾಂಸದ ತುಣುಕುಗಳನ್ನು ತಂದು ಬೆಕ್ಕುಗಳಿಗೆ ಹಂಚಲಾಗುತ್ತಿತ್ತು.

ಲೇನ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಮನೆಯ ಬೆಕ್ಕುಗಳಿಂದ ಬಿಡುಗಡೆ ಬೇಕಾದ ಕೈರೋದ ಜನರು ಅವುಗಳನ್ನು ತಂದು ಕಾಝಿಯ ಅಂಗಳದಲ್ಲಿ ಬಿಟ್ಟುಹೋಗುತ್ತಿದ್ದರಂತೆ! ಅವರು ವಿಷ ಹಾಕಲಿಲ್ಲ, ಚೀಲದಲ್ಲಿ ಕಟ್ಟಿ ನೈಲ್ ನದಿಗೆ ಎಸೆಯಲಿಲ್ಲ. ನ್ಯಾಯಾಧೀಶರ ಬಾಗಿಲಿಗೆ ತಂದು ಬಿಟ್ಟರು. ಅರ್ಜಿ ಬರೆಯದೆ, ವಕೀಲರನ್ನಿಡದೆ ಇತ್ಯರ್ಥವಾದ ವ್ಯಾಜ್ಯಗಳಿವು. ಊಟದ ವ್ಯವಸ್ಥೆ ಒಂದೆಡೆ ಇದ್ದುದರಿಂದ ಬೇರೆಡೆಯ ಅಂಗಳಗಳ ಮೇಲಿನ ಒತ್ತಡ ಇಳಿಯಿತು. ಬೈಬರ್ಸ್‌ನ ಉದ್ದೇಶ ಅದಾಗಿತ್ತೆಂದು ನಾನು ಹೇಳಲಾರೆ, ಫಲಿತಾಂಶ ಮಾತ್ರ ಅದೇ ಆಗಿರಬೇಕು. ನಮ್ಮಲ್ಲಿ ಮೀನುಮಾರುಕಟ್ಟೆಯ ಮೂಲೆಗಳು ಈ ಕೆಲಸವನ್ನು ವಕ್ಫ್‌ನಾಮೆಯಿಲ್ಲದೆ ನಡೆಸಿಕೊಂಡು ಬರುತ್ತಿವೆ.

ನಮ್ಮ ಹಿರಿಯರ ಹಿತ್ತಿಲಿಗೆ ಮರಳೋಣ. ಬೇಲಿ ಇದೆಯೇ ಎಂಬ ಪ್ರಶ್ನೆಗೆ ಅವರ ಉತ್ತರ, ಮುಂಭಾಗದಲ್ಲಿ ಆವರಣ ಗೋಡೆ ಇದೆ, ಹಿಂಭಾಗ ತೆರೆದಿದೆ ಎಂದಾಗಿತ್ತು. ಇದ್ದಿದ್ದರೂ ಗೋಡೆಯೊಂದರಿಂದಲೇ ಬೆಕ್ಕು ನಿಲ್ಲುವುದಿಲ್ಲವೆಂದು ಉಸ್ತಾದರಿಗೂ ಗೊತ್ತಿತ್ತು. ಮುಂದಿನ ಎರಡು ವಾರಗಳಲ್ಲಿ ಅವರ ಮಗನೂ ನಾವಿಬ್ಬರೂ ಸೇರಿ ಮಾಡಿದ್ದು ಇಷ್ಟು. ಬೆಕ್ಕಿಗೆ ಬೇಕಾದುದು ಒಣಗಿದ, ಸಡಿಲವಾದ, ಬರಿಯ ಮಣ್ಣು. ಅದನ್ನು ಸಿಗದಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಬೀಜ ಬಿತ್ತಿದ ಸಾಲುಗಳ ಮೇಲೆ ತಂತಿಯ ಜಾಲರಿಯನ್ನು ನೆಲಕ್ಕೆ ಒತ್ತಿ ಹಾಸಿದೆವು. ಮೊಳಕೆ ಅದರ ಕಣ್ಣುಗಳ ಮೂಲಕ ಮೇಲೇರುತ್ತದೆ, ಪಂಜಕ್ಕೆ ಮಾತ್ರ ಕೆದಕಲಾಗುವುದಿಲ್ಲ. ಸಸಿಗಳ ನಡುವಿನ ತೆರೆದ ಜಾಗವನ್ನು ತೆಂಗಿನಕಾಯಿಯ ಸಿಪ್ಪೆಯಿಂದ ಒತ್ತೊತ್ತಾಗಿ ಮುಚ್ಚಿದೆವು. ಸಂಜೆ ನೀರು ಹಾಯಿಸಿದರೆ ರಾತ್ರಿಯಿಡೀ ಮಣ್ಣು ಒದ್ದೆಯಾಗಿರುತ್ತದೆ, ಒದ್ದೆ ನೆಲ ಬೆಕ್ಕಿಗೆ ಹಿಡಿಸದು. ಮೀನು ತೊಳೆದ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲುವುದು ನಮ್ಮ ಮನೆಗಳ ಹಳೆಯ ರೂಢಿ. ಬೆಕ್ಕಿಗೆ ದಿನವೂ ಆಮಂತ್ರಣ ಕಳುಹಿಸುತ್ತಿದ್ದುದು ಅದೇ! ಅದನ್ನು ನಿಲ್ಲಿಸಲು ಮನೆಯ ಹೆಂಗಸರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಕಿತ್ತಳೆ, ನಿಂಬೆಯ ಸಿಪ್ಪೆಗಳನ್ನೂ ಹರಡಿ ನೋಡಿದೆವು. ಮೊದಲೆರಡು ದಿನ ಫಲ ಕಂಡಿತು, ಒಣಗಿದ ಮೇಲೆ ಬೆಕ್ಕು ಅವುಗಳ ಮೇಲೆಯೇ ನಡೆದುಹೋಯಿತು. ಫಿನಾಯಿಲ್ ಎರಚೋಣವೆಂದು ಯಾರೋ ಹೇಳಿದರು, ನುಸಿಗುಳಿಗೆ ಇಡೋಣವೆಂದು ಇನ್ನೊಬ್ಬರು. ಎರಡೂ ಬೆಕ್ಕಿನ ದೇಹಕ್ಕೆ ವಿಷವೇ ಆದುದರಿಂದ ಅವನ್ನು ಮುಟ್ಟಲಿಲ್ಲ.

ಕೊನೆಗೆ ಹಿತ್ತಿಲಿನ ತುದಿಯಲ್ಲಿ, ಬಾವಿಯಿಂದಲೂ ತರಕಾರಿಯಿಂದಲೂ ದೂರದಲ್ಲಿ, ಒಂದು ಮೂಲೆಯಲ್ಲಿ ಒಣ ಮರಳು ಸುರಿದು ಬಿಟ್ಟೆವು. ಹೊರಗಟ್ಟುವವನು ಹೋಗಲು ಒಂದು ಜಾಗವನ್ನೂ ತೋರಿಸಬೇಕಷ್ಟೆ. ಹತ್ತು ದಿನಗಳೊಳಗೆ ಬೆಕ್ಕುಗಳು ಅದನ್ನು ಕಂಡುಕೊಂಡವು. ಆ ಮೂಲೆಯನ್ನು ಸ್ವಚ್ಛಗೊಳಿಸುವ ಕೆಲಸ ಮಗನ ಪಾಲಿಗೆ ಬಂತು, ಕೈಗವಸು ಧರಿಸಿಯೇ ಮಾಡಬೇಕೆಂಬ ಕರಾರಿನೊಂದಿಗೆ.

ಡಿಸೆಂಬರ್‌ನಲ್ಲಿ ಮಗಳಿಗೆ ಸುಖಪ್ರಸವವಾಯಿತು, ಅಲ್‌ಹಮ್ದುಲಿಲ್ಲಾಹ್. ಅಖೀಕಾದ ದಿನ ಊಟಕ್ಕೆ ಹೋದಾಗ ಹರಿವೆ ಮೊಣಕಾಲೆತ್ತರ ಬೆಳೆದಿತ್ತು. ಹಿರಿಯರು ನಮ್ಮನ್ನು ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಕರೆದೊಯ್ದು ಗೋಣಿಚೀಲದ ಮೇಲೆ ಕಣ್ಣು ತೆರೆಯದ ಮೂರು ಮರಿಗಳನ್ನು ತೋರಿಸಿದರು. "ಉಸ್ತಾದರೇ, ಇವುಗಳಿಗೆ ಈಗ ಏನು ವಿಧಿ?" ಎಂದು ಕೇಳಿದರು. ಉಸ್ತಾದರು ನಕ್ಕರು. ತಿಂಗಳು ಕಳೆದ ಮೇಲೆ ಒಂದು ಮರಿ ಮದ್ರಸದ ಅಡುಗೆಮನೆಗೆ ಬಂತು, ಅಲ್ಲಿ ಅಕ್ಕಿಗೆ ಇಲಿಯ ಕಾಟವಿತ್ತು. ಉಳಿದೆರಡು ಅವರ ಮನೆಯಲ್ಲಿಯೇ ಇವೆ.